ವೆಬ್ ಪುಟ ಮೂಡುವುದು ನಿಮ್ಮ ಫೋನಿನಲ್ಲೇ

(ಇಂಟರ್ನೆಟ್ಟನ್ನು ಹೊಸದಾಗಿ ಬಳಸುವವರಿಗಾಗಿ ಗ್ರಂಥಾಲಯವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಸೇರಿವೆ.)

ಎಲ್ಲರಿಗೂ ನಮಸ್ಕಾರ. ಇಂಥ ಕಡೆ ಸಾಮಾನ್ಯವಾಗಿ ಫೋನ್ ಒಳಗಿಡಿ ಅಂತಾರೆ. ಇವತ್ತು ಉಲ್ಟಾ, ಎಲ್ಲರೂ ಫೋನ್ ಹೊರಗೆ ತೆಗೆಯಿರಿ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ನಿಮ್ಮ ಹತ್ತಿರ ಯಾವ ಬ್ರೌಸರ್ ಇದೆಯೋ ಅದನ್ನು ತೆರೆಯಿರಿ. ಕನ್ನಡ ವಿಕಿಪೀಡಿಯದಲ್ಲಿ ಜೋಗ ಜಲಪಾತದ ಪುಟ ಹುಡುಕಿ. ಬಂತಾ? ಈಗ ಫ್ಲೈಟ್ ಮೋಡ್ ಹಾಕಿ.

ಪುಟ ಹೋಯ್ತಾ? ಇಲ್ಲ ಅಲ್ವಾ. ಮೇಲೆ ಕೆಳಗೆ ಸರಿಸಿ ನೋಡಿ, ಆರಾಮಾಗಿ ಓದಬಹುದು. ಕೆಳಗಿನ ಒಂದೆರಡು ಚಿತ್ರ ಮಾತ್ರ ಕಾಣದೇ ಇರಬಹುದು. ನೀವು ಹತ್ತಿರ ಬರುವವರೆಗೆ ಚಿತ್ರ ತರಿಸದೆ ಡೇಟಾ ಉಳಿಸುವ ಬುದ್ಧಿ ಬ್ರೌಸರಿಗಿದೆ, ಅದಕ್ಕೇ ಹಾಗೆ. ಬೇರೆ ಲಿಂಕ್ ಒತ್ತಿದರೆ ಆಗ ಇಂಟರ್ನೆಟ್ ಇಲ್ಲ ಅನ್ನುತ್ತದೆ.

ಪುಟ ಎಲ್ಲೋ ಅಮೆರಿಕದಲ್ಲಿ ಇರುತ್ತದೆ, ನಮ್ಮ ಫೋನಿನಿಂದ ಅದನ್ನು ಇಣುಕಿ ನೋಡುತ್ತೇವೆ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ನಡೆಯುವುದು ಹಾಗಲ್ಲ. ನಿಮ್ಮ ಬ್ರೌಸರ್ ಒಂದು ಪ್ರತಿ ಕೇಳಿತು, ಆ ಕಡೆಯ ಕಂಪ್ಯೂಟರ್, ಅಂದರೆ ಸರ್ವರ್, ಕಳಿಸಿತು, ಬಂದ ಸಾಮಾನಿನಿಂದ ಬ್ರೌಸರ್ ನಿಮ್ಮ ಫೋನಿನೊಳಗೇ ಪುಟ ತಯಾರಿಸಿತು. ನಾನು ಇವತ್ತು ಹೇಳಬೇಕಾದ್ದು ಇಷ್ಟೇ. ಕುಕೀ, ನಕಲಿ ಬ್ಯಾಂಕ್ ಪುಟ, ಕನ್ನಡ ಅಕ್ಷರ ಒಡೆದು ಕಾಣುವುದು, ಎಲ್ಲದರ ಬೇರೂ ಇಲ್ಲೇ ಇದೆ.

ಅದಕ್ಕೆ ಮುಂಚೆ ಒಂದು ಗೊಂದಲ. ಇಂಟರ್ನೆಟ್ ಬೇರೆ, ವೆಬ್ ಬೇರೆ, ಗೂಗಲ್ ಬೇರೆ. ಪ್ರಪಂಚದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿರುವ ತಂತಿ, ಟವರು, ಮತ್ತು ಮಾಹಿತಿ ಸಾಗಿಸಲು ಎಲ್ಲರೂ ಒಪ್ಪಿಕೊಂಡಿರುವ ನಿಯಮಗಳು ಸೇರಿ ಇಂಟರ್ನೆಟ್. ವಾಟ್ಸಾಪ್ ಮೆಸೇಜು, ಯುಪಿಐ ಹಣ ಕೂಡ ಇದರ ಮೇಲೇ ಓಡುತ್ತವೆ. ಅವಕ್ಕೆ ಬ್ರೌಸರ್ ಬೇಕಿಲ್ಲ. ಇಂಟರ್ನೆಟ್ಟಿನ ಮೂಲ ಅರ್ಪಾನೆಟ್ ಎಂಬ ಅಮೆರಿಕದ ಜಾಲ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂದು ಕಳಿಸಲು ಹೊರಟರು. ಎಲ್, ಓ ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು. ‘ಸರ್ವರ್ ಡೌನ್’ ಕಾಯಿಲೆ ಮೊದಲ ದಿನದ್ದೇ ನೋಡಿ. ಇವತ್ತಿಗೂ ನಡೆಯುತ್ತಿರುವ ನಿಯಮಗಳು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ರೂಪಿಸಿದವು. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿ ಅವಕ್ಕೆ ಬದಲಾಯಿತು.

ಇಂಟರ್ನೆಟ್ಟಿನ ಮೇಲೆ ಓಡುವ, ಲಿಂಕುಗಳಿಂದ ಹೆಣೆದ ಪುಟಗಳೇ ವೆಬ್. ಅದು ಬಂದದ್ದು ಆಮೇಲೆ. ಜಿನೀವಾದ ಹತ್ತಿರ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯವಿದೆ. ಅಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಒಂದು ಪ್ರಸ್ತಾವ ಬರೆದರು. ಅಲ್ಲಿ ಸಾವಿರಾರು ವಿಜ್ಞಾನಿಗಳು, ಬೇರೆ ಬೇರೆ ಥರದ ಕಂಪ್ಯೂಟರುಗಳು. ಒಬ್ಬರ ಕಾಗದಪತ್ರ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಒಂದು ಬರಹದಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟು ಎಲ್ಲವನ್ನೂ ಹೆಣೆಯಬಹುದು ಎನ್ನುವುದು ಅವರ ಯೋಚನೆ. ಮೇಲಧಿಕಾರಿ ಮೈಕ್ ಸೆಂಡಲ್ ಅದರ ಮೇಲೆ ‘ಅಸ್ಪಷ್ಟವಾಗಿದೆ, ಆದರೂ ಕುತೂಹಲಕರ’ ಎಂಬರ್ಥದ ಷರಾ ಬರೆದರು. 1990ರ ಕೊನೆಗೆ ಮೊದಲ ಬ್ರೌಸರ್, ಮೊದಲ ವೆಬ್ ಸರ್ವರ್ ಎರಡೂ ಸಿದ್ಧವಾದವು. ಆ ಕಂಪ್ಯೂಟರಿನ ಮೇಲೆ ಕೆಂಪು ಶಾಯಿಯಲ್ಲಿ ‘ಇದು ಸರ್ವರ್, ಆಫ್ ಮಾಡಬೇಡಿ’ ಎಂದು ಚೀಟಿ ಅಂಟಿಸಿದ್ದರು. ಯಾರೋ ಸುಮ್ನೆ ಸ್ವಿಚ್ ಆರಿಸಿದ್ದರೆ ಆವತ್ತಿನ ಮಟ್ಟಿಗೆ ಇಡೀ ವೆಬ್ಬೇ ಬಂದ್. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು ಎಂದು ಘೋಷಿಸಿತು. ನನ್ನ ಪ್ರಕಾರ ವೆಬ್ ಇಷ್ಟು ಬೆಳೆದದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮೂಲಕ.

ಇನ್ನು ಗೂಗಲ್. ಅದು ವೆಬ್‌ನಲ್ಲಿರುವ ಒಂದು ಹುಡುಕುವ ತಾಣ. ಕ್ರೋಮ್ ಅದೇ ಕಂಪನಿ ಮಾಡಿರುವ ಬ್ರೌಸರ್. ವಿಳಾಸ ಬರೆಯುವುದಕ್ಕೂ ಹುಡುಕುವುದಕ್ಕೂ ಒಂದೇ ಪಟ್ಟಿ ಇಟ್ಟಿರುವುದರಿಂದ ಎಲ್ಲಾ ಒಂದೇ ಅನ್ನಿಸುತ್ತದೆ. ಪೂರ್ತಿ ವಿಳಾಸ ಬರೆದರೆ ಬ್ರೌಸರ್ ನೇರ ಅಲ್ಲಿಗೆ ಕೇಳುತ್ತದೆ, ಗೂಗಲ್ ನಡುವೆ ಬರುವುದೇ ಇಲ್ಲ.

ಈಗ ಜೋಗದ ಪುಟಕ್ಕೆ ಬರೋಣ. ಲಿಂಕ್ ಒತ್ತಿದ ಕ್ಷಣದಿಂದ ಪುಟ ಕಾಣುವವರೆಗೆ ಏನೇನಾಯಿತು?

ಮೊದಲು ವಿಳಾಸ ಪತ್ತೆ. ಕೆಎನ್ ಡಾಟ್ ವಿಕಿಪೀಡಿಯಾ ಡಾಟ್ ಆರ್ಗ್ ಅನ್ನುವುದು ಮನುಷ್ಯರಿಗಾಗಿ ಇಟ್ಟ ಹೆಸರು. ಜಾಲಕ್ಕೆ ಬೇಕಾದ್ದು ಕಂಪ್ಯೂಟರನ್ನು ಗುರುತಿಸುವ ಐಪಿ ಸಂಖ್ಯೆ. ಹಿಂದೆ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯೆಲ್ಲ ಒಂದೇ ಫೈಲಿನಲ್ಲಿತ್ತು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕೆಂದರೆ ಅವರಿಗೇ ತಿಳಿಸಬೇಕು. ಜಾಲ ಬೆಳೆದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ವ್ಯವಸ್ಥೆ ರೂಪಿಸಿದರು. ಅದರಲ್ಲಿ ಪೂರ್ತಿ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲ. ವಿಚಾರಣೆ ವಿಳಾಸದ ಬಲತುದಿಯಿಂದ ಶುರು. ಡಾಟ್ ಆರ್ಗ್ ನೋಡಿಕೊಳ್ಳುವವರು ಯಾರು? ಅವರನ್ನು ಕೇಳಿದರೆ ವಿಕಿಪೀಡಿಯಾದವರನ್ನು ತೋರಿಸುತ್ತಾರೆ, ಅವರು ಕೆಎನ್ ಎಲ್ಲಿದೆ ಎಂದು ಸಂಖ್ಯೆ ಕೊಡುತ್ತಾರೆ. ಈ ಓಡಾಟವನ್ನೆಲ್ಲ ನಿಮ್ಮ ಪರವಾಗಿ ಸಿಮ್ ಕಂಪನಿಯ ಅಥವಾ ಬ್ರಾಡ್‌ಬ್ಯಾಂಡ್ ಕಂಪನಿಯ ಕಂಪ್ಯೂಟರ್ ಮಾಡುತ್ತದೆ. ಒಮ್ಮೆ ತಿಳಿದ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲ ಕೇಳುವುದಿಲ್ಲ. ವಿಳಾಸವನ್ನು ಬಲದಿಂದ ಎಡಕ್ಕೆ ಓದುವ ಈ ಕ್ರಮ ನೆನಪಿರಲಿ. ಮುಂದೆ ದುಡ್ಡಿನ ವಿಷಯ ಬಂದಾಗ ಬೇಕಾಗುತ್ತದೆ.

ಆಮೇಲೆ ದಾರಿ. ಮೊಬೈಲ್ ಇಂಟರ್ನೆಟ್ ಅಂದರೆ ಎಲ್ಲಾ ಗಾಳಿಯಲ್ಲೇ ಹೋಗುತ್ತದೆ ಅನ್ನಿಸುತ್ತದೆ. ಗಾಳಿಯಲ್ಲಿ ಹೋಗುವುದು ನಿಮ್ಮ ಫೋನಿನಿಂದ ಟವರಿನ ತನಕ, ಕೆಲವೆಡೆ ಒಂದು ಟವರಿನಿಂದ ಇನ್ನೊಂದಕ್ಕೆ, ಅಷ್ಟೇ. ಅಲ್ಲಿಂದಾಚೆ ಬಹುಪಾಲು ನೆಲದಡಿಯ ಮತ್ತು ಸಮುದ್ರದಡಿಯ ಫೈಬರ್ ಕೇಬಲ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ. ಅದಕ್ಕೇ ಸಿಗ್ನಲ್ ಕಡ್ಡಿ ಫುಲ್ ಇದ್ದರೂ ನೆಟ್ ಬರದೆ ಇರಬಹುದು. ಆ ಕಡ್ಡಿಗಳು ಟವರಿನ ಜೊತೆಗಿನ ಸಂಬಂಧ ಮಾತ್ರ ಹೇಳುತ್ತವೆ. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲೋ ಫೈಬರ್ ಕಿತ್ತು ಹಾಕಿದ್ದರೆ ಕಡ್ಡಿಗೆ ಅದು ಗೊತ್ತಾಗುವುದಿಲ್ಲ. ನಮ್ಮ ದೇಶಕ್ಕೆ ಬರುವ ಸಮುದ್ರ ಕೇಬಲ್ಲುಗಳಲ್ಲಿ ಹೆಚ್ಚಿನವು ಮುಂಬೈ ಮತ್ತು ಚೆನ್ನೈ ಕಡಲ ತೀರದಲ್ಲಿ ದಡ ಸೇರುತ್ತವೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ ತುಂಡಾಗಿ ಇಲ್ಲಿ ಭಾರತದಲ್ಲಿ ಇಂಟರ್ನೆಟ್ ಕುಂಟಿತ್ತು.

ಈ ದಾರಿಯಲ್ಲಿ ಪುಟ ಇಡಿಯಾಗಿ ಬರುವುದಿಲ್ಲ. ಸಾಮಾನ್ಯವಾಗಿ 1,500 ಬೈಟ್ (ಕಂಪ್ಯೂಟರ್ ಮಾಹಿತಿಯ ಸಣ್ಣ ಅಳತೆ) ಮೀರದ ಚೂರುಗಳಾಗಿ ಬರುತ್ತದೆ. ಇವೇ ಪ್ಯಾಕೆಟ್. ಪ್ರತಿ ಚೂರಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂದು ಬರೆದಿರುತ್ತದೆ. ಯಾವ ಭಾಗ ಎಂಬ ಲೆಕ್ಕವೂ ಒಳಗಿರುತ್ತದೆ. ಒಂದು ಕಳೆದುಹೋದರೆ ಅದನ್ನಷ್ಟೇ ಮತ್ತೆ ಕಳಿಸುತ್ತಾರೆ. ನಿಮ್ಮ ಫೋನು ಎಲ್ಲವನ್ನೂ ಸಾಲಾಗಿ ಜೋಡಿಸಿಕೊಳ್ಳುತ್ತದೆ.

ವೇಗದ ಬಗ್ಗೆ ಒಬ್ಬ ಹಿರಿಯರು ಕೇಳಿದರು: ‘ಅಷ್ಟು ದೂರದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಗಪ್ಪಾ ಬರುತ್ತೆ?’ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ ಸಾರ್. ಆದರೂ ಅಮೆರಿಕಕ್ಕೆ ಪ್ರತಿ ಸಲ ಹೋಗಿ ಬರುವುದು ನಿಧಾನವೇ. ಒಂದು ಪುಟಕ್ಕೆ ಹತ್ತಾರು ಬಾರಿ ಕೇಳಬೇಕಲ್ಲ. ಅದಕ್ಕೆ ದೊಡ್ಡ ತಾಣಗಳು ಪ್ರತಿಗಳನ್ನು ಅಲ್ಲಲ್ಲಿ ಹತ್ತಿರದಲ್ಲೇ ಇಟ್ಟಿರುತ್ತವೆ. ವಿಕಿಪೀಡಿಯ ನಡೆಸುವವರ ಮುಖ್ಯ ಕೇಂದ್ರಗಳು ಅಮೆರಿಕದ ವರ್ಜೀನಿಯಾ ಮತ್ತು ಟೆಕ್ಸಾಸ್‌ನಲ್ಲಿವೆ. 2018ರಿಂದ ಸಿಂಗಾಪುರದಲ್ಲೂ ಒಂದು ಕೇಂದ್ರವಿದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 3,200 ಕಿ.ಮೀ., ಗಾಜಿನೊಳಗಿನ ಬೆಳಕಿಗೆ ಸೆಕೆಂಡಿನ ಅರವತ್ತನೇ ಒಂದು ಭಾಗ.

ದಾರಿ ಸಿಕ್ಕಿತು. ಈಗ ಬ್ರೌಸರ್ ‘ಈ ಪುಟ ಕೊಡಿ’ ಎಂದು ಕೇಳುತ್ತದೆ. ಸರ್ವರ್ ಸಾಮಾನು ಕಳಿಸಿ, ಜೊತೆಗೊಂದು ಸಂಖ್ಯೆ ಹೇಳುತ್ತದೆ. 200 ಅಂದರೆ ತಗೊಳ್ಳಿ, 404 ಅಂದರೆ ಅಂಥ ಪುಟ ಇಲ್ಲ, 500 ಅಂದರೆ ನಮ್ಮಲ್ಲೇ ಏನೋ ಎಡವಟ್ಟಾಗಿದೆ. ಪರೀಕ್ಷೆ ಫಲಿತಾಂಶದ ದಿನ 500ರ ಸರಣಿ ಕಂಡರೆ ನಿಮ್ಮ ಫೋನನ್ನು ಬೈಯಬೇಡಿ, ತಪ್ಪು ಆ ಕಡೆಯದು.

ಬಂದ ಸಾಮಾನು ಏನು? ಚಿತ್ರದಂಥ ರೆಡಿ ಪುಟವಲ್ಲ, ಪುಟ ಬರೆಯುವುದು ಹೇಗೆ ಎಂಬ ಸೂಚನೆ. ಮೊದಲೆಲ್ಲ ಪತ್ರಿಕೆಗಳಲ್ಲಿ ರಂಗೋಲಿಯ ಜೊತೆ ‘15 ಚುಕ್ಕಿ, 8ರವರೆಗೆ’ ಎಂದು ಬರೆದಿರುತ್ತಿದ್ದರು, ನೆನಪಿದೆಯಾ? ಅಷ್ಟು ಓದಿದರೆ ಗೊತ್ತಿದ್ದವರು ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆಯುತ್ತಿದ್ದರು. ಅಂಗಳ ಚಿಕ್ಕದಿದ್ದರೆ ರಂಗೋಲಿ ಚಿಕ್ಕದು. ಬ್ರೌಸರಿನ ಕೆಲಸವೂ ಹಾಗೇ. ಎಚ್‌ಟಿಎಂಎಲ್ ಎಂಬ ಬರಹ ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲೊಂದು ಚಿತ್ರ, ಇದು ಲಿಂಕ್ ಎಂದು ಹೇಳುತ್ತದೆ. ಸಿಎಸ್‌ಎಸ್ ಬಣ್ಣ, ಗಾತ್ರ, ಅಂತರ ಹೇಳುತ್ತದೆ. ಒತ್ತಿದಾಗ ಏನಾಗಬೇಕು ಎಂಬುದನ್ನು ಜಾವಾಸ್ಕ್ರಿಪ್ಟ್ ಹೇಳುತ್ತದೆ. ಇದನ್ನು ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಎಂಬ ಆಗಿನ ಬ್ರೌಸರ್ ಕಂಪನಿಗಾಗಿ 10 ದಿನದಲ್ಲಿ ಮೊದಲ ರೂಪಕ್ಕೆ ತಂದರು. ಆ ಆತುರದ ಗುರುತುಗಳು ಭಾಷೆಯಲ್ಲಿ ಇನ್ನೂ ಇವೆ, ಪ್ರೋಗ್ರಾಮರುಗಳನ್ನು ಕೇಳಿ ನೋಡಿ.

ಈ ಸೂಚನೆ ಓದಿ ಬರೆಯುವ ಭಾಗಕ್ಕೆ ಎಂಜಿನ್ ಅಂತಾರೆ. ಬ್ರೌಸರುಗಳ ಹೆಸರು ಹತ್ತಾರಿದ್ದರೂ ದೊಡ್ಡ ಎಂಜಿನ್‌ಗಳು ಮೂರೇ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್ ಎಲ್ಲದರೊಳಗೂ ಬ್ಲಿಂಕ್. ಸಫಾರಿಯಲ್ಲಿ ವೆಬ್‌ಕಿಟ್. ಫೈರ್‌ಫಾಕ್ಸ್‌ನಲ್ಲಿ ಗೆಕೋ. ಐಫೋನಿನಲ್ಲಿ ಮಾತ್ರ ಈ ಎಲ್ಲದರೊಳಗೂ ಸಾಮಾನ್ಯವಾಗಿ ವೆಬ್‌ಕಿಟ್ಟೇ.

ಕನ್ನಡದವರಾಗಿ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಅಕ್ಷರ ಬರೆಯುವುದು ಬ್ರೌಸರಿಗೆ ಸುಲಭ, ಒಂದರ ಪಕ್ಕ ಒಂದು ಇಟ್ಟರಾಯಿತು. ‘ಸೂರ್ಯ’ ಎಂದು ಬರೆಯಿರಿ. ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತ ಕೊಟ್ಟಿರುವ ಯೂನಿಕೋಡಿನಲ್ಲಿ ಅದು ಬರುವುದು ಹೀಗೆ: ಸ, ಊಕಾರದ ಚಿಹ್ನೆ, ರ, ಅರ್ಧಾಕ್ಷರದ ಚಿಹ್ನೆ, ಯ. ಅಂದರೆ ನಾವು ಉಚ್ಚರಿಸುವ ಕ್ರಮ. ತೆರೆಯ ಮೇಲೆ ಮಾತ್ರ ಯ ಮೊದಲು ಬರಬೇಕು, ಅದರ ಬಲಕ್ಕೆ ಅರ್ಕಾವೊತ್ತು ಕೂರಬೇಕು. ‘ಕ್ಷ’ ಆದರೆ ಮೂರು ಸಂಕೇತ ಸೇರಿ ಒಂದೇ ಆಕಾರ. ಹೀಗೆ ಕೂಡಿಸುವ, ಜಾಗ ಬದಲಿಸುವ ಕೆಲಸವನ್ನು ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಹಾರ್ಫ್‌ಬಝ್ ಎಂಬ ತಂತ್ರಾಂಶ ಮಾಡುತ್ತದೆ. ಅಕ್ಷರಗಳ ಆಕಾರಗಳನ್ನು ಇಟ್ಟಿರುವ ಫಾಂಟ್‌ನೊಳಗಿನ ನಿಯಮಗಳನ್ನು ಓದಿ, ನೀವು ಪುಟ ತೆರೆದಾಗಲೆಲ್ಲ, ನಿಮ್ಮ ಫೋನಿನಲ್ಲೇ.

ಇದು ಇಲ್ಲದ ಕಾಲವೂ ಇತ್ತು. 2000ದ ಆಸುಪಾಸಿನ ಕನ್ನಡ ತಾಣಗಳು ತಮ್ಮ ತಮ್ಮದೇ ಫಾಂಟ್ ಬಳಸುತ್ತಿದ್ದವು. ಅಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟ್ ನಿಮ್ಮಲ್ಲಿಲ್ಲದಿದ್ದರೆ ಸಂಪಾದಕೀಯದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು. ಒಂದು ತಾಣದ ಫಾಂಟ್ ಇನ್ನೊಂದಕ್ಕೆ ನಡೆಯುತ್ತಿರಲಿಲ್ಲ. ಹುಡುಕಿದರೆ ಏನೂ ಸಿಗುತ್ತಿರಲಿಲ್ಲ, ಯಾಕೆಂದರೆ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಆಗಲೇ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟ್ ತಂದಿತು. ಆದರೂ ತಾಣಗಳೆಲ್ಲ ಬದಲಾಗಲು ವರ್ಷಗಳೇ ಹಿಡಿದವು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲೂ ಕನ್ನಡ ಅಂದರೆ ಬರೀ ಚೌಕ ಡಬ್ಬಿಗಳು. ಪುಟ ಸರಿಯಾಗೇ ಬಂದಿರುತ್ತಿತ್ತು, ಬರೆಯಲು ಫೋನಿಗೆ ಗೊತ್ತಿರಲಿಲ್ಲ ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬ ಮೇಡಂ: ‘ಕನ್ನಡ ವಿಕಿಪೀಡಿಯದ ಲಿಂಕ್ ವಾಟ್ಸಾಪಿಗೆ ಹಾಕಿದರೆ ಉದ್ದಕ್ಕೆ ಶೇಕಡಾ ಚಿಹ್ನೆಗಳ ಬಾಲ ಬರುತ್ತೆ, ವೈರಸ್ಸಾ?’ ಅಲ್ಲ ಮೇಡಂ. ವಿಳಾಸ ಸಾಗುವಾಗ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಇವಕ್ಕಷ್ಟೇ ಅವಕಾಶ. ಕನ್ನಡದ ಒಂದೊಂದು ಸಂಕೇತ 3 ಬೈಟ್. ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಹಾಕಿ ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ‘ಕ’ ಅಂದರೆ %E0%B2%95. ‘ಕನ್ನಡ’ದಲ್ಲಿ 5 ಸಂಕೇತ, 15 ಬೈಟ್, ಆದ್ದರಿಂದ 45 ಅಕ್ಷರದ ಬಾಲ. ನೋಡಲು ಕೆಟ್ಟದಾಗಿದ್ದರೂ ಅಪಾಯವೇನಿಲ್ಲ.

ಈಗ ಈ ಲ್ಯಾಪ್‌ಟಾಪ್ ಕಡೆ ನೋಡಿ. ಅದೇ ಜೋಗದ ಪುಟ. ಎತ್ತರ 253 ಮೀಟರ್ ಎಂದಿದೆ. ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತುತ್ತೇನೆ. ಪಕ್ಕದಲ್ಲಿ ಎಚ್‌ಟಿಎಂಎಲ್ ಕಾಣುತ್ತದೆ. 253 ಇದ್ದಲ್ಲಿ 953 ಎಂದು ಬರೆದು ಎಂಟರ್. ಆಯ್ತು, ಜೋಗ 953 ಮೀಟರ್! ವಿಕಿಪೀಡಿಯದ ಲೋಗೋ, ಅಕ್ಷರ, ವಿಳಾಸ ಎಲ್ಲಾ ಇದ್ದ ಹಾಗೇ ಇವೆ. ನಾನು ಹ್ಯಾಕ್ ಮಾಡಿಲ್ಲ. ನನ್ನ ಹತ್ತಿರ ಇರುವ ಪ್ರತಿಯಲ್ಲಿ ತಿದ್ದಿದೆ. ರಿಫ್ರೆಶ್ ಒತ್ತಿದರೆ ಹೊಸ ಪ್ರತಿ ಬಂದು ಮತ್ತೆ 253.

ನಗಬೇಡಿ, ಇದು ಗಂಭೀರ ವಿಷಯ. ಬ್ಯಾಂಕ್ ಬ್ಯಾಲೆನ್ಸ್, ಷೇರಿನ ಲಾಭ, ಪತ್ರಿಕೆಯ ಹೆಡ್‌ಲೈನ್, ಯಾವುದನ್ನಾದರೂ ಹೀಗೆ ತಿದ್ದಿ ಸ್ಕ್ರೀನ್‌ಶಾಟ್ ತೆಗೆಯಬಹುದು. ಫೋಟೊ ಎಡಿಟಿಂಗ್ ಕೂಡ ಬೇಕಿಲ್ಲ. ‘ನನ್ನ ಖಾತೆಯಿಂದ ಹಣ ಹೋಗಿದೆ, ನೋಡಿ ಸ್ಕ್ರೀನ್‌ಶಾಟ್’ ಎಂದು ಯಾರಾದರೂ ಕಳಿಸಿದರೆ ನಿಮ್ಮ ಖಾತೆಯನ್ನೇ ತೆರೆದು ನೋಡಿ.

ಮೋಸದ ತಾಣಗಳ ಕಥೆಯೂ ಇದೇ. ಬ್ಯಾಂಕಿನ ಪುಟ ನಿಮಗೆ ಬಂದ ಹಾಗೆ ಮೋಸಗಾರನಿಗೂ ಬರುತ್ತದೆ. ಅದನ್ನೇ ಉಳಿಸಿ ತನ್ನ ಸರ್ವರಿನಲ್ಲಿಟ್ಟರೆ ಅಚ್ಚು ಹಾಗೇ ಕಾಣುತ್ತದೆ. ಹಾಗಾಗಿ ಪುಟದ ಚಂದ ನೋಡಿ ನಂಬಲಾಗದು. ಅವನು ನಕಲು ಮಾಡಲಾಗದ್ದು ವಿಳಾಸ ಒಂದೇ. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ ಹುಡುಕಿ. ಆರಂಭದಲ್ಲಿ ಜೋಡಿ ಓರೆಗೆರೆ ಇರುತ್ತದೆ, ಅದನ್ನು ಬಿಡಿ. ಆ ಒಂಟಿ ಗೆರೆಯಿಂದ ಎಡಕ್ಕೆ ಓದಿ. ನಿಮ್ಮ ಬ್ಯಾಂಕಿನ ಹೆಸರು, ಡಾಟ್, ಕೆವೈಸಿ-ಅಪ್‌ಡೇಟ್, ಡಾಟ್ ಎಕ್ಸ್‌ವೈಝಡ್ ಎಂದಿದ್ದರೆ ತಾಣದ ಯಜಮಾನ ಕೆವೈಸಿ-ಅಪ್‌ಡೇಟ್ ಡಾಟ್ ಎಕ್ಸ್‌ವೈಝಡ್ ಕೊಂಡವನು. ಮುಂದೆ ಬ್ಯಾಂಕಿನ ಹೆಸರು ಅಂಟಿಸಲು ಅವನಿಗೆ ಯಾರ ಅಪ್ಪಣೆಯೂ ಬೇಡ. ಡಾಟ್ ಗವ್ ಡಾಟ್ ಇನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಇದು ಒಳ್ಳೆಯ ಕೆಲಸ, ಇನ್ನೂ ಮುಂಚೆಯೇ ಆಗಬೇಕಿತ್ತು.

ಬೀಗದ ಗುರುತು ಇದ್ದರೆ ಸಾಕು ಎಂದು ಈಗಲೂ ಹೇಳಿಕೊಡುತ್ತಾರೆ. ಸಾಲದು. ನಿಮಗೂ ಆ ಸರ್ವರಿಗೂ ನಡುವಿನ ಮಾತು ಬೇರೆಯವರಿಗೆ ಕೇಳಿಸದು ಎಂದಷ್ಟೇ ಅದರ ಅರ್ಥ. ಆ ಸರ್ವರ್ ಕಳ್ಳನದೇ ಆಗಿದ್ದರೆ ಕಳ್ಳನ ಜೊತೆ ಗುಟ್ಟಾಗಿ ಮಾತಾಡುತ್ತಿದ್ದೀರಿ. 2015ರಿಂದ ಇದಕ್ಕೆ ಬೇಕಾದ ಪ್ರಮಾಣಪತ್ರ ಪುಕ್ಕಟೆಯಾಗಿ ಸಿಗುತ್ತಿದೆ, ಕಳ್ಳರಿಗೂ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ವಿಳಾಸದ ಪಕ್ಕದ ಬೀಗ ತೆಗೆದು ಬೇರೆ ಚಿಹ್ನೆ ಇಟ್ಟಿತು. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕುಕೀ ಅಂದರೇನು ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಸರ್ವರಿಗೆ ನೆನಪಿನ ಶಕ್ತಿ ಇಲ್ಲಪ್ಪಾ. ಪ್ರತಿ ಸಲ ನೀನು ಹೊಸಬನೇ. ಅದಕ್ಕೆ 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲಿ ಒಂದು ಉಪಾಯ ಮಾಡಿದರು. ಸರ್ವರ್ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಸಲ ತೋರಿಸುತ್ತದೆ. ಲಾಗಿನ್ ಉಳಿಯುವುದು ಇದರಿಂದಲೇ. ಸೈಬರ್ ಸೆಂಟರಿನಲ್ಲಿ ಲಾಗೌಟ್ ಮಾಡದೆ ಎದ್ದು ಬಂದರೆ ನಿನ್ನ ಚೀಟಿ ಅಲ್ಲೇ ಉಳಿಯಿತು. ಜಾಹೀರಾತಿನವರೂ ಹತ್ತಾರು ತಾಣಗಳ ಪುಟದೊಳಗೆ ಸೇರಿಕೊಂಡು ಇಂಥದೇ ಚೀಟಿ ಕೊಡುತ್ತಾರೆ. ಒಂದು ಕಡೆ ಕುಕ್ಕರ್ ನೋಡಿದರೆ ಹೋದಲ್ಲೆಲ್ಲ ಕುಕ್ಕರ್ ಬರುವುದು ಹೀಗೆ. ಸಫಾರಿ, ಫೈರ್‌ಫಾಕ್ಸ್ ಇದನ್ನು ಬಹುಮಟ್ಟಿಗೆ ತಡೆಯುತ್ತವೆ. ಕ್ರೋಮ್ ತಡೆಯುತ್ತೇನೆ ಎಂದು ವರ್ಷಗಟ್ಟಲೆ ಹೇಳಿ ಕೊನೆಗೆ ಹಿಂದೆ ಸರಿಯಿತು. ಗೂಗಲ್ಲಿನ ಸಂಪಾದನೆಯೇ ಜಾಹೀರಾತು, ಇನ್ನೇನು ಮಾಡೀತು.

ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿ ಇರುತ್ತದಲ್ಲ, ಅದರ ಬಗ್ಗೆ ಎರಡೇ ಮಾತು. ಕಿಟಕಿ ಮುಚ್ಚಿದ ಮೇಲೆ ಹಿಸ್ಟರಿ, ಕುಕೀ ನಿಮ್ಮ ಫೋನಿನಲ್ಲಿ ಉಳಿಯುವುದಿಲ್ಲ. ಆದರೆ ಸಿಮ್ ಕಂಪನಿಗೆ, ಆಫೀಸಿನ ವೈಫೈಗೆ, ಆ ತಾಣಕ್ಕೆ ನೀವು ಬಂದದ್ದು ಗೊತ್ತಾಗುತ್ತದೆ.

ಕೊನೆಯ ಪ್ರಶ್ನೆ ಪಿಯುಸಿ ಓದುವ ಹುಡುಗಿಯದು: ‘ನಾನೇ ಒಂದು ಪುಟ ಮಾಡಬಹುದಾ ಸಾರ್?’ ಇವತ್ತೇ ಮಾಡಬಹುದಮ್ಮ. ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ನಿನ್ನ ಊರಿನ ಬಗ್ಗೆ ನಾಲ್ಕು ಸಾಲು ಬರಿ. ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಸೇರಿಸಿ ಸೇವ್ ಮಾಡು. ಆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆಯುತ್ತದೆ. ನಾಲ್ಕು ಸಾಲೂ ಒಂದೇ ಸಾಲಾಗಿ ಅಂಟಿಕೊಂಡಿರುತ್ತವೆ, ಗಾಬರಿಯಾಗಬೇಡ. ಪ್ಯಾರಾ ಎಲ್ಲಿ ಒಡೆಯಬೇಕು ಎಂದು ನೀನು ಇನ್ನೂ ಹೇಳಿಲ್ಲ. ಕೋನದ ಆವರಣದೊಳಗೆ ಪಿ ಎಂದು ಪ್ರತಿ ಸಾಲಿನ ಮುಂದೆ ಹಾಕು, ಸರಿಹೋಗುತ್ತದೆ. ಒಂದು ಎಚ್ಚರಿಕೆ. ಸೇವ್ ಮಾಡುವಾಗ ಕೆಳಗೆ ಎನ್‌ಕೋಡಿಂಗ್ ಎಂದು ಕೇಳುತ್ತದೆ, ಅಲ್ಲಿ ಯುಟಿಎಫ್-8 ಇರಲಿ. ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಕ್ರಮ ಅದು. ಫೈಲಿನ ತಲೆಯಲ್ಲೂ ಇದು ಯುಟಿಎಫ್-8 ಎಂದು ತಿಳಿಸುವ ಒಂದು ಸಾಲು ಬೇಕು. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಬರಬಹುದು. ಆ ಸಾಲನ್ನು ಇಲ್ಲಿ ಬೋರ್ಡಿನ ಮೇಲೆ ಬರೆದಿದ್ದೇನೆ, ಬರೆದುಕೋ: <meta charset="utf-8">